ಚಂದ್ರನಿಗೆ ಪರಿಷ್ಕೃತ ಅಂದಾಜು ಪಟ್ಟಿ

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದಂದಿನಿಂದ ಮೈಸೂರಿನಲ್ಲಿ ಬಾಹ್ಯಾಕಾಶದ ಮಾತು ಎಲ್ಲಿ ಬಂದರೂ 615 ಕೋಟಿ ರೂಪಾಯಿ ಎಂಬ ಅಂಕಿ ಅದರ ಹಿಂದೆಯೇ ಬರುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಬರುವ ನನ್ನ ಓರಗೆಯವರೊಬ್ಬರು, ಮನುಷ್ಯರನ್ನು ಮತ್ತೆ ಚಂದ್ರನಿಗೆ ಕಳಿಸುವ ಅಮೆರಿಕದ ಆರ್ಟೆಮಿಸ್ ಯೋಜನೆಯ ಸುದ್ದಿ ಎತ್ತಿದಾಗಲೆಲ್ಲ, "ನಮ್ಮೋರು ಆರುನೂರು ಕೋಟಿಗೆ ಇಳಿಸಿ ತೋರಿಸಿದ್ರಲ್ಲ ಸ್ವಾಮಿ, ಅವ್ರಿಗೇನು ದಾಡಿ?" ಎಂದು ಕೇಳುತ್ತಾರೆ. ನಡೆಯುತ್ತ ನಡೆಯುತ್ತ ಉತ್ತರಿಸಿ ಮುಗಿಸಬಹುದಾದ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನೀರಾವರಿ ಕಾಮಗಾರಿಗಳ ಲೆಕ್ಕಪತ್ರ ನೋಡಿಕೊಂಡು ಮಂಡ್ಯ, ಮೈಸೂರು ಜಿಲ್ಲೆಗಳಲ್ಲೇ ಸರ್ವಿಸ್ ಮುಗಿಸಿದ ನನಗೆ ರಾಕೆಟ್ಟಿನ ಎಂಜಿನ್ನಿಗಿಂತ ಅದರ ಬಿಲ್ಲು ಹೆಚ್ಚು ಅರ್ಥವಾಗುತ್ತದೆ. ಆ ಬಿಲ್ಲುಗಳನ್ನು ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದೇನೆಂದರೆ, ಮನುಷ್ಯರನ್ನು ಚಂದ್ರನಿಗೆ ಮತ್ತೆ ಕಳಿಸುವ ಕೆಲಸ ಇಷ್ಟು ದುಬಾರಿಯಾಗಿರುವುದರಲ್ಲಿ ಚಂದ್ರನ ದೂರಕ್ಕಿಂತ ಕೆಲಸದ ನಿಧಾನದ ಪಾಲೇ ದೊಡ್ಡದು. ವೆಚ್ಚ ಮತ್ತು ವೇಗವನ್ನು ಎರಡು ಬೇರೆ ಬೇರೆ ದೂರುಗಳೆಂದು ಹೇಳುವವರು ಒಂದೇ ದೂರನ್ನು ಎರಡು ಸಲ ಹೇಳುತ್ತಿದ್ದಾರೆ.

ಮೊದಲು ಆ 615 ಕೋಟಿಯ ವಿಷಯ. ಚಂದ್ರಯಾನ-3 ಒಂದೇ ದಿಕ್ಕಿನ ಪ್ರಯಾಣವಾಗಿತ್ತು. ಲ್ಯಾಂಡರ್ ಇಳಿಯಿತು, ಪ್ರಜ್ಞಾನ್ ರೋವರ್ ಓಡಾಡಿತು, ಚಂದ್ರನ ಒಂದು ಹಗಲು, ಅಂದರೆ ನಮ್ಮ ಸುಮಾರು ಹದಿನಾಲ್ಕು ದಿನ, ಕೆಲಸ ನಡೆಯಿತು. ಅಲ್ಲಿಗೆ ಅವೆರಡರ ಹೊಣೆ ಮುಗಿಯಿತು. ಅದಕ್ಕೂ ಮುಂಚೆ, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿ ಹಾಳಾದಾಗ ದೇಶ ಮರುಗಿತು, ಇಸ್ರೋ ತಪ್ಪೆಲ್ಲಿ ಆಯಿತೆಂದು ಹುಡುಕಿ ನಾಲ್ಕು ವರ್ಷದೊಳಗೆ ಇನ್ನೊಂದನ್ನು ಕಳಿಸಿತು. ಒಂದು ಕೆಟ್ಟರೆ ಇನ್ನೊಂದು ಎನ್ನುವ ಈ ಲೆಕ್ಕ ಯಂತ್ರಗಳಿಗೆ ಸಲ್ಲುತ್ತದೆ, ಒಳಗೆ ನಾಲ್ಕು ಜನ ಕುಳಿತಿದ್ದರೆ ಸಲ್ಲುವುದಿಲ್ಲ. ಜನ ಹೋದರೆ ಅವರ ಉಸಿರು, ನೀರು, ಊಟ, ಶೌಚದ ವ್ಯವಸ್ಥೆ ಜೊತೆಗೆ ಹೋಗಬೇಕು. ಚಂದ್ರನ ನೆಲದಿಂದ ಮೇಲೇಳಲು ಇನ್ನೊಂದು ಎಂಜಿನ್ ಬೇಕು. ಕೊನೆಗೆ 3,84,000 ಕಿಲೋಮೀಟರ್ ಹಿಂದೆ ಬಂದು, ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ಸುಟ್ಟು ಬೂದಿಯಾಗದೆ ಸಮುದ್ರಕ್ಕೆ ಇಳಿಯಬೇಕು.

ಇದರ ಒಂದು ತುಣುಕು ನಮ್ಮೂರಿನಲ್ಲೇ ಇದೆ. ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಊರವರ ಬಾಯಲ್ಲಿ ಡಿಎಫ್‌ಆರ್‌ಎಲ್, 1961ರಲ್ಲಿ ಹುಟ್ಟಿದ್ದು. ಅಮೆರಿಕದ ಅಧ್ಯಕ್ಷ ಕೆನಡಿ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಗುರಿಯನ್ನು ತಮ್ಮ ಸಂಸತ್ತಿನ ಮುಂದಿಟ್ಟದ್ದೂ ಅದೇ ವರ್ಷದ ಮೇ ತಿಂಗಳಿನಲ್ಲಿ. 1984ರಲ್ಲಿ ರಾಕೇಶ್ ಶರ್ಮಾ ಅವರ ಯಾತ್ರೆಗೆ ತಿನಿಸು ಸಿದ್ಧಮಾಡಿದ ಈ ಪ್ರಯೋಗಾಲಯವೇ ಗಗನಯಾನದ ಯಾತ್ರಿಗಳಿಗೂ ಇಡ್ಲಿ, ತರಕಾರಿ ಪುಲಾವ್, ಹೆಸರುಬೇಳೆ ಹಲ್ವಗಳನ್ನು ರೂಪಿಸಿದೆ. ಇಂಥ ಒಂದು ಪೊಟ್ಟಣವನ್ನು ಕೈಯಲ್ಲಿ ಹಿಡಿದು ಯೋಚಿಸಿದರೆ ಮಾನವಸಹಿತ ಯಾನದ ಖರ್ಚು ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಪದರಪದರವಾಗಿ ಅಂಟಿಸಿದ ಚೀಲದೊಳಗೆ ಆಹಾರವನ್ನು ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ, ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡದಿರಲೆಂದು. ತಿನ್ನುವಾಗ ಚೂರು ಉದುರಬಾರದು, ಏಕೆಂದರೆ ಉದುರಿದ ಚೂರು ಅಲ್ಲಿ ಕೆಳಕ್ಕೆ ಬೀಳುವುದಿಲ್ಲ, ತೇಲುತ್ತ ಹೋಗಿ ಯಂತ್ರದೊಳಗೋ ಯಾತ್ರಿಯ ಕಣ್ಣಿನೊಳಗೋ ಸೇರುತ್ತದೆ. ತೂಕ ಕಡಿಮೆಯಿರಬೇಕು, ರುಚಿ ಕೆಡಬಾರದು, ಒಂದೇ ಒಂದು ಪೊಟ್ಟಣದಲ್ಲೂ ರೋಗಾಣು ಉಳಿಯಬಾರದು. ಹಲ್ವದ ಪಾಡೇ ಹೀಗಾದರೆ ಆಮ್ಲಜನಕದ ಕವಾಟ, ಪ್ಯಾರಾಚೂಟಿನ ಹಗ್ಗ, ಸೀಟಿನ ಬೋಲ್ಟು ಎಷ್ಟೆಷ್ಟು ಪರೀಕ್ಷೆ ಪಾಸಾಗಬೇಕೆಂದು ಊಹಿಸಬಹುದು. ಆದ್ದರಿಂದ ಚಂದ್ರಯಾನ-3ನ್ನೂ ಆರ್ಟೆಮಿಸನ್ನೂ ಪಕ್ಕಪಕ್ಕ ಇಟ್ಟು ನಗುವುದು ನ್ಯಾಯವಲ್ಲ.

ಹಾಗೆಂದು ಅಮೆರಿಕದ ಬಿಲ್ಲನ್ನು ಕಣ್ಣುಮುಚ್ಚಿ ಪಾಸು ಮಾಡುವಂತೆಯೂ ಇಲ್ಲ. ನಾಸಾದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಲೆಕ್ಕ ತಪಾಸಣೆಯ ಮುಖ್ಯಸ್ಥ, ಆಗಿದ್ದ ಪಾಲ್ ಮಾರ್ಟಿನ್ ಅವರು 2022ರ ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕೊಟ್ಟ ಲೆಕ್ಕದ ಪ್ರಕಾರ, ಆರ್ಟೆಮಿಸ್‌ನ ಎಸ್‌ಎಲ್‌ಎಸ್ ರಾಕೆಟ್ ಮತ್ತು ಯಾತ್ರಿಗಳು ಕೂರುವ ಒರಾಯನ್ ನೌಕೆಯ ಮೊದಲ ನಾಲ್ಕು ಉಡಾವಣೆಗಳಲ್ಲಿ ಒಂದೊಂದರ ವೆಚ್ಚ 410 ಕೋಟಿ ಡಾಲರ್. ಇದರಲ್ಲಿ ರಾಕೆಟ್ಟಿಗೆ 220 ಕೋಟಿ, ಒರಾಯನ್‌ಗೆ 100 ಕೋಟಿ, ಅದಕ್ಕೆ ಯುರೋಪ್ ಕೊಡುವ ಸರ್ವಿಸ್ ಮಾಡ್ಯೂಲಿಗೆ, ಅಂದರೆ ಎಂಜಿನ್, ವಿದ್ಯುತ್ತು ಒದಗಿಸುವ ಹಿಂಭಾಗಕ್ಕೆ, 30 ಕೋಟಿ, ನೆಲದ ಮೇಲಿನ ವ್ಯವಸ್ಥೆಗೆ ಸುಮಾರು 57 ಕೋಟಿ. ಇದು ತಯಾರಿಸಿ ಹಾರಿಸುವ ಖರ್ಚು ಮಾತ್ರ. ವಿನ್ಯಾಸ, ಅಭಿವೃದ್ಧಿಗಳಿಗೆ ಹಿಂದಿನ ವರ್ಷಗಳಲ್ಲಿ ಸುರಿದ ಹಣ ಇದರೊಳಗಿಲ್ಲ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಒಂದು ಉಡಾವಣೆಗೆ ಸುಮಾರು 35 ಸಾವಿರ ಕೋಟಿ ರೂಪಾಯಿ ಆಯಿತು. ನಮ್ಮ ಬಾಹ್ಯಾಕಾಶ ಇಲಾಖೆಗೆ 2025-26ರ ಬಜೆಟ್ಟಿನಲ್ಲಿ ಇಟ್ಟಿರುವುದು 13,416 ಕೋಟಿ. ಅಂದರೆ ಇಸ್ರೋದ ಎರಡೂವರೆ ವರ್ಷದ ಹಣ ಅಲ್ಲಿ ಒಂದು ಬೆಳಿಗ್ಗೆ ಹೊಗೆಯಾಗಿ ಹೋಗುತ್ತದೆ.

ಆ ಹೊಗೆಯಲ್ಲಿ ಏನಿದೆಯೆಂದು ಒಂದೇ ಬಾಬತ್ತಿನಲ್ಲಿ ನೋಡೋಣ. ಎಸ್‌ಎಲ್‌ಎಸ್‌ನ ಬುಡದಲ್ಲಿ ಆರ್‌ಎಸ್-25 ಎಂಬ ನಾಲ್ಕು ಎಂಜಿನ್‌ಗಳಿವೆ. ಇವು ಮೂಲತಃ ಸ್ಪೇಸ್ ಷಟಲ್‌ನವು. ಹಾರಿ, ಮರಳಿ ಬಂದು, ತಪಾಸಣೆಯಾಗಿ, ಮತ್ತೆ ಹಾರಲೆಂದೇ ಕಟ್ಟಿದಂಥವು. ಷಟಲ್ ನಿಂತ ಮೇಲೆ ಉಳಿದಿದ್ದ 16 ಎಂಜಿನ್‌ಗಳನ್ನು ಹೊಸ ರಾಕೆಟ್ಟಿಗೆ ಕೂರಿಸಿದರು, ಆದರೆ ಈ ರಾಕೆಟ್ ಹಿಂತಿರುಗುವುದಿಲ್ಲ. 2022ರ ನವೆಂಬರ್ 16ರ ಮೊದಲ ಹಾರಾಟದಲ್ಲಿ, ಹಿಂದೆ ಹಲವು ಸಲ ಹೋಗಿಬಂದಿದ್ದ ನಾಲ್ಕು ಎಂಜಿನ್‌ಗಳು ಸಮುದ್ರದ ಪಾಲಾದವು. ಹಳೆಯ ದಾಸ್ತಾನು ನಾಲ್ಕು ಹಾರಾಟಕ್ಕೆ ಮುಗಿಯುವುದರಿಂದ 2020ರಲ್ಲಿ ನಾಸಾ ಇನ್ನೂ 18 ಎಂಜಿನ್‌ಗಳಿಗೆ ಮಾಡಿಕೊಂಡ ಕರಾರು 179 ಕೋಟಿ ಡಾಲರಿನದು. ಭಾಗಿಸಿದರೆ ಒಂದಕ್ಕೆ ಸುಮಾರು 10 ಕೋಟಿ ಡಾಲರ್, ಅಂದರೆ 850 ಕೋಟಿ ರೂಪಾಯಿ. ಆರುನೂರು ಕೋಟಿಯ ಮಾತಾಡುವ ನನ್ನ ವಾಕಿಂಗ್ ಗೆಳೆಯರಿಗೆ ಈ ಒಂದು ಅಂಕಿ ಹೇಳಿದಾಗ ಅವರು ನಿಂತೇಬಿಟ್ಟರು.

ಇಲ್ಲಿ ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲೆ ಇಳಿಸಿದ ಅಪೊಲೊ ಯೋಜನೆ ನೆನಪಾಗುತ್ತದೆ. ಅಂದಿನವರು ಎಂಟು ವರ್ಷದಲ್ಲಿ ಸರಾಗವಾಗಿ, ಕಡಿಮೆಯಲ್ಲಿ ಮುಗಿಸಿದರು, ಇಂದಿನವರ ಕೈಲಾಗುತ್ತಿಲ್ಲ ಎಂಬ ಮಾತು ಅರ್ಧ ಮಾತ್ರ ಸತ್ಯ. ಬೇಗ ಮುಗಿಸಿದ್ದು ಹೌದು, ಕಡಿಮೆಯಲ್ಲಿ ಅಲ್ಲ. ಅಪೊಲೊಗೆ ಆ ಕಾಲದ ಹಣದಲ್ಲಿ ಸುಮಾರು 2,580 ಕೋಟಿ ಡಾಲರ್ ಖರ್ಚಾಯಿತು. ಇಂದಿನ ಮೌಲ್ಯಕ್ಕೆ ಏರಿಸಿದರೆ ಅದು 25 ಸಾವಿರ ಕೋಟಿ ಡಾಲರ್ ದಾಟುತ್ತದೆ. 2012ರಿಂದ 2025ರವರೆಗೆ ಆರ್ಟೆಮಿಸ್‌ಗೆ ಆಗುವ ಒಟ್ಟು ಖರ್ಚನ್ನು ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅಂದಾಜಿಸಿದ್ದು 9,300 ಕೋಟಿ ಡಾಲರ್. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಒಟ್ಟು ವೆಚ್ಚದಲ್ಲಿ ನಾಸಾದ ಪಾಲು ಶೇಕಡ ನಾಲ್ಕನ್ನು ಮೀರಿತ್ತು, ಈಗ ಅದು ಅರ್ಧ ಶೇಕಡವನ್ನೂ ಮುಟ್ಟುವುದಿಲ್ಲ. ಆ ಹಣದ ಹೊಳೆಯಿಂದ ಕೊಂಡದ್ದು ವೇಗವನ್ನು: 1968ರ ಡಿಸೆಂಬರ್‌ನಿಂದ 1969ರ ನವೆಂಬರ್‌ವರೆಗೆ, ಹನ್ನೆರಡು ತಿಂಗಳೊಳಗೆ, ಅಪೊಲೊ 8ರಿಂದ 12ರವರೆಗೆ ಐದು ಸಲ ಸ್ಯಾಟರ್ನ್-5 ರಾಕೆಟ್ ಮನುಷ್ಯರನ್ನು ಹೊತ್ತು ಹಾರಿತು, ಅದರಲ್ಲಿ ನಾಲ್ಕು ಸಲ ಚಂದ್ರನವರೆಗೆ. ಆ ವೇಗಕ್ಕೂ ಬೆಲೆ ತೆತ್ತಿದ್ದಾರೆ. 1967ರ ಜನವರಿ 27ರಂದು ನೆಲದ ಮೇಲಿನ ಪರೀಕ್ಷೆಯ ಹೊತ್ತಿನಲ್ಲೇ ಬೆಂಕಿ ಹೊತ್ತಿ ಗ್ರಿಸಂ, ವೈಟ್, ಚಾಫಿ ಮೂವರೂ ತೀರಿಕೊಂಡರು. ಗುರಿ ಮುಟ್ಟುವ ಮೊದಲೇ, 1968ರಲ್ಲಿ, ಹೊಸ ಸ್ಯಾಟರ್ನ್-5ಗಳ ತಯಾರಿಕೆ ನಿಲ್ಲಿಸುವ ತೀರ್ಮಾನವಾಗಿತ್ತೆಂಬುದೂ ಗಮನಿಸಬೇಕಾದದ್ದು. 1972ರ ಡಿಸೆಂಬರ್‌ನಲ್ಲಿ ಸರ್ನನ್ ಮತ್ತು ಸ್ಮಿಟ್ ಅಲ್ಲಿಂದ ಹೊರಟ ಮೇಲೆ ಯಾರೂ ಅಲ್ಲಿ ಕಾಲಿಟ್ಟಿಲ್ಲ.

ಮರಳುವ ಮಾತು ಆಮೇಲೆ ಎಷ್ಟು ಸಲ ಬಂತು, ಎಷ್ಟು ಸಲ ಹೋಯಿತು ಎಂಬುದೇ ಈ ಲೆಕ್ಕಪತ್ರದ ಮುಖ್ಯ ಪುಟ. 2004ರಲ್ಲಿ ಅಧ್ಯಕ್ಷ ಬುಷ್ 2020ರೊಳಗೆ ಮತ್ತೆ ಚಂದ್ರನಿಗೆ ಎಂದರು. ಕಾನ್‌ಸ್ಟಲೇಷನ್ ಎಂಬ ಆ ಯೋಜನೆಗೆ ಸುಮಾರು 900 ಕೋಟಿ ಡಾಲರ್ ಖರ್ಚಾದ ಮೇಲೆ 2010ರಲ್ಲಿ ಒಬಾಮಾ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆ ಮಾಡಿ, ಷಟಲ್‌ನ ಹಳೆಯ ಗುತ್ತಿಗೆಗಳನ್ನೂ ಕೆಲಸಗಾರರನ್ನೂ ಸಾಧ್ಯವಾದಷ್ಟು ಉಳಿಸಿಕೊಂಡು ಹೊಸ ರಾಕೆಟ್ ಕಟ್ಟಬೇಕು, 2016ರ ಕೊನೆಗೆ ಅದು ಸಿದ್ಧವಾಗಬೇಕು ಎಂದು ವಿಧಿಸಿತು. ಆ ರಾಕೆಟ್ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಸರ್ಕಾರ ಬದಲಾದಂತೆ ಬದಲಾಯಿತು: ಒಮ್ಮೆ ಕ್ಷುದ್ರಗ್ರಹ, ಮತ್ತೊಮ್ಮೆ ಮಂಗಳ, 2017ರ ನಂತರ ಪುನಃ ಚಂದ್ರ. 2019ರಲ್ಲಿ ಉಪಾಧ್ಯಕ್ಷ ಪೆನ್ಸ್ 2024ರೊಳಗೆ ಇಳಿಯುತ್ತೇವೆಂದು ಘೋಷಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತ ದಿನಾಂಕಗಳು ಹೀಗಿದ್ದವು: ನಾಲ್ವರು ಚಂದ್ರನನ್ನು ಸುತ್ತಿ ಬರುವ ಆರ್ಟೆಮಿಸ್-2 2026ರ ಏಪ್ರಿಲ್‌ನೊಳಗೆ, ಇಳಿಯುವ ಆರ್ಟೆಮಿಸ್-3 2027ರ ನಡುವಿಗೆ.

ನೀರಾವರಿ ಕೆಲಸ ಕಂಡವರಿಗೆ ಇಂಥ ಕಾಮಗಾರಿಯ ಲಕ್ಷಣ ಹೊಸದಲ್ಲ. ನಾನು ಲೆಕ್ಕ ಬರೆಯುತ್ತಿದ್ದ ಒಂದು ನಾಲೆಯ ಆಧುನೀಕರಣ, ಜಮೀನಿನ ತಗಾದೆಯಿಂದಲೂ ಅನುದಾನದ ಕೊರತೆಯಿಂದಲೂ ವರ್ಷಗಟ್ಟಲೆ ನಿಂತಿತ್ತು. ನಾಲೆಗೆ ಒಂದು ಪುಟ್ಟಿ ಕಾಂಕ್ರೀಟ್ ಬೀಳದ ತಿಂಗಳಲ್ಲೂ ಸಬ್‌ಡಿವಿಷನ್ನಿನ ಸಂಬಳ, ಜೀಪಿನ ಡೀಸೆಲ್, ಉಗ್ರಾಣದ ಬಾಡಿಗೆ, ಕಾವಲುಗಾರನ ಕೂಲಿ, ಗಟ್ಟಿಯಾಗಿಹೋಗುತ್ತಿದ್ದ ಸಿಮೆಂಟಿನ ಬದಲಿಗೆ ಹೊಸ ಸಿಮೆಂಟು, ಇವೆಲ್ಲ ಖರ್ಚು ಬೀಳುತ್ತಲೇ ಇದ್ದವು. ನಮ್ಮ ಭಾಷೆಯಲ್ಲಿ ಇದು ಎಸ್ಟಾಬ್ಲಿಷ್‌ಮೆಂಟ್ ಚಾರ್ಜು. ಕೊನೆಗೆ ಆ ನಾಲೆಯ ಕಿಲೋಮೀಟರ್‌ವಾರು ದರ ಕಂಡು ಆಡಿಟ್‌ನವರು ಆಕ್ಷೇಪಣೆ ಬರೆದರು. ಕಲ್ಲಿನ ದರದಲ್ಲೂ ಮಣ್ಣಿನ ದರದಲ್ಲೂ ಅವರಿಗೆ ತಪ್ಪು ಸಿಗಲಿಲ್ಲ, ಏಕೆಂದರೆ ದುಬಾರಿಯಾದದ್ದು ಕಾಲ. ಎಸ್‌ಎಲ್‌ಎಸ್‌ನ ಕಥೆಯೂ ಇಷ್ಟೇ. ಹಲವು ರಾಜ್ಯಗಳಲ್ಲಿ ಹರಡಿದ ಕಾರ್ಖಾನೆ, ಪರೀಕ್ಷಾ ಕೇಂದ್ರ, ಉಡಾವಣಾ ಸಿಬ್ಬಂದಿ ವರ್ಷವಿಡೀ ಸಂಬಳದಲ್ಲಿರಬೇಕು. ವರ್ಷಕ್ಕೆ ನಾಲ್ಕು ರಾಕೆಟ್ ಹಾರಿದರೆ ಆ ಹೊರೆ ನಾಲ್ಕರ ಮೇಲೆ ಹಂಚಿಹೋಗುತ್ತದೆ. ಮೂರು ವರ್ಷಕ್ಕೊಂದು ಹಾರಿದರೆ ಮೂರು ವರ್ಷದ ಹೊರೆಯೂ ಒಂದರ ತಲೆಯ ಮೇಲೆ ಬೀಳುತ್ತದೆ. ದುಬಾರಿಯಾದದ್ದರಿಂದ ಹೆಚ್ಚು ಹಾರಿಸಲಾಗದು, ಹೆಚ್ಚು ಹಾರಿಸದ್ದರಿಂದ ದುಬಾರಿ. ಈ ಸುಳಿಯಿಂದ ಹೊರಬರುವುದು ಸಂಸತ್ ಸದಸ್ಯರಿಗೂ ಬೇಡವಾಗಿದೆ, ಏಕೆಂದರೆ ಅವರ ಕ್ಷೇತ್ರದ ನೌಕರಿಗಳು ಅದರಲ್ಲೇ ಇವೆ. 2025ರ ಮೇ ತಿಂಗಳಿನಲ್ಲಿ ಶ್ವೇತಭವನ ಮೂರನೆಯ ಹಾರಾಟದ ಬಳಿಕ ಎಸ್‌ಎಲ್‌ಎಸ್ ಮತ್ತು ಒರಾಯನ್ ಸಾಕು ಎಂದು ಪ್ರಸ್ತಾವ ಇಟ್ಟಿತು. ಜುಲೈಯಲ್ಲಿ ಸಂಸತ್ತು ನಾಲ್ಕು ಮತ್ತು ಐದನೆಯ ಹಾರಾಟದ ರಾಕೆಟ್‌ಗಳಿಗಾಗಿ ಪ್ರತ್ಯೇಕ ಹಣ ಮಂಜೂರು ಮಾಡಿತು. ಕಾಕತಾಳೀಯವೋ ಏನೋ, ಆ ಮೊತ್ತವೂ 410 ಕೋಟಿ ಡಾಲರ್.

ಗುತ್ತಿಗೆಯ ಬಗೆಯೂ ಈ ನಿಧಾನಕ್ಕೆ ನೀರೆರೆದಿದೆ. ಆದ ಖರ್ಚನ್ನೆಲ್ಲ ಕೊಟ್ಟು ಅದರ ಮೇಲೆ ಶುಲ್ಕವನ್ನೂ ಕೊಡುವ ಕರಾರಿನಲ್ಲಿ ತಡವಾದರೆ ಗುತ್ತಿಗೆದಾರನಿಗೆ ನಷ್ಟವಿಲ್ಲ. ಎಸ್‌ಎಲ್‌ಎಸ್‌ನ ಮುಂದಿನ ಆವೃತ್ತಿಯನ್ನು ನೆಟ್ಟಗೆ ನಿಲ್ಲಿಸಿ ಹಾರಿಸಲೆಂದು ಕಟ್ಟಲು ಹೊರಟ ಎರಡನೆಯ ಉಡಾವಣಾ ಗೋಪುರಕ್ಕೆ 2019ರಲ್ಲಿ ಬೆಕ್ಟೆಲ್ ಕಂಪನಿಯೊಡನೆ ಆದ ಇಂಥ ಕರಾರಿನ ಮೊತ್ತ 38.3 ಕೋಟಿ ಡಾಲರ್. 2024ರ ಆಗಸ್ಟ್‌ನಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅದರ ವೆಚ್ಚ 270 ಕೋಟಿ ಡಾಲರ್ ಮುಟ್ಟಬಹುದು, ಸಿದ್ಧವಾಗುವುದು 2029ರ ಹೊತ್ತಿಗೆ ಎಂದಿತು. ಏಳು ಪಟ್ಟು! ನನ್ನ ಸರ್ವಿಸಿನಲ್ಲಿ ಎರಡು ಪಟ್ಟಿನ ಪರಿಷ್ಕೃತ ಅಂದಾಜಿಗೆ ಸಹಿ ಹಾಕಿಸಲು ಮೇಲಧಿಕಾರಿಗಳ ಮುಂದೆ ಕೈಕಟ್ಟಿ ನಿಂತದ್ದುಂಟು.

ಚಂದ್ರನ ಮೇಲೆ ಇಳಿಸುವ ವಾಹನಗಳಿಗೆ ನಾಸಾ ಬೇರೆ ದಾರಿ ಹಿಡಿದಿರುವುದು ನನಗೆ ಸರಿಯೆನಿಸಿದೆ. 2021ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 289 ಕೋಟಿ ಡಾಲರ್, 2023ರ ಮೇ ತಿಂಗಳಿನಲ್ಲಿ ಬ್ಲೂ ಒರಿಜಿನ್‌ಗೆ 340 ಕೋಟಿ ಡಾಲರ್, ಇವು ನಿಗದಿತ ಮೊತ್ತದ ಗುತ್ತಿಗೆಗಳು. ಹೆಚ್ಚಾದರೆ ಕಂಪನಿಯ ಕೈಯಿಂದ. ಆದರೆ ಮೊತ್ತ ನಿಗದಿಯಾದ ಮಾತ್ರಕ್ಕೆ ಕಾಲ ನಿಗದಿಯಾಗುವುದಿಲ್ಲ. ಸ್ಪೇಸ್‌ಎಕ್ಸ್‌ನ ಸ್ಟಾರ್‌ಷಿಪ್ ಚಂದ್ರನಿಗೆ ಹೊರಡಬೇಕಾದರೆ ಭೂಮಿಯ ಕಕ್ಷೆಯಲ್ಲೇ ಅದರ ಟ್ಯಾಂಕು ತುಂಬಬೇಕು. ಅದಕ್ಕೆ ಹತ್ತಕ್ಕೂ ಹೆಚ್ಚು ಟ್ಯಾಂಕರ್ ಹಾರಾಟಗಳು ಬೇಕಾಗಬಹುದು, ಅತಿಶೀತ ಮೀಥೇನ್ ಮತ್ತು ಆಮ್ಲಜನಕವನ್ನು ಒಂದು ನೌಕೆಯಿಂದ ಇನ್ನೊಂದಕ್ಕೆ ಆ ಪ್ರಮಾಣದಲ್ಲಿ ಇನ್ನೂ ಯಾರೂ ಸಾಗಿಸಿಲ್ಲ. 2025ರ ಜನವರಿ, ಮಾರ್ಚ್, ಮೇ ತಿಂಗಳುಗಳಲ್ಲಿ ಸ್ಟಾರ್‌ಷಿಪ್ ಪರೀಕ್ಷೆಗಳು ಕೈಕೊಟ್ಟವು, ಜೂನ್‌ನಲ್ಲಿ ಒಂದು ನೌಕೆ ಪರೀಕ್ಷಾ ಕಟ್ಟೆಯ ಮೇಲೇ ಸಿಡಿಯಿತು, ಆಗಸ್ಟ್‌ನ ಹಾರಾಟ ಅಂದುಕೊಂಡಂತೆ ನಡೆಯಿತು. ಅದು ತಡವಾದಷ್ಟು ದಿನವೂ ಈ ಕಡೆ ಎಸ್‌ಎಲ್‌ಎಸ್‌ನ ಎಸ್ಟಾಬ್ಲಿಷ್‌ಮೆಂಟ್ ಚಾರ್ಜು ಏರುತ್ತಿರುತ್ತದೆ. ನಿಗದಿತ ಗುತ್ತಿಗೆಯ ಉಳಿತಾಯವನ್ನು ಪಕ್ಕದ ಬಾಬತ್ತು ನುಂಗಿಹಾಕುತ್ತದೆ.

ಎಲ್ಲ ನಿಧಾನವೂ ಒಂದೇ ಬಗೆಯದಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಮೊದಲ ಹಾರಾಟದಿಂದ 2022ರ ಡಿಸೆಂಬರ್ 11ರಂದು ಮರಳಿದ ಒರಾಯನ್‌ನ ತಳದ ಶಾಖಕವಚವನ್ನು ನೋಡಿದಾಗ ನೂರಕ್ಕೂ ಹೆಚ್ಚು ಕಡೆ ಅದರ ಕರಕಲಾದ ಪದರ ಹಕ್ಕಳೆ ಎದ್ದು ಕಿತ್ತುಹೋಗಿತ್ತು. ಐದು ಮೀಟರ್ ಅಗಲದ ಆ ಕವಚ ಉರಿದು ಸವೆಯುವುದೇ ಅದರ ಕೆಲಸ. ಆದರೆ ಸಮನಾಗಿ ಸವೆಯಬೇಕು, ಚೂರುಚೂರಾಗಿ ಕಿತ್ತು ಬರಬಾರದು. ನೌಕೆ ವಾತಾವರಣಕ್ಕೆ ಒಮ್ಮೆ ಮುಳುಗಿ, ಎದ್ದು, ಮತ್ತೆ ಇಳಿಯುವ ನಡುವಿನ ಅವಧಿಯಲ್ಲಿ ಕವಚದೊಳಗೆ ಹುಟ್ಟಿದ ಅನಿಲ ಹೊರಹೋಗಲಾರದೆ ಒತ್ತಡ ಹೆಚ್ಚಿ ಬಿರುಕು ಬಿಟ್ಟಿತೆಂದು ಕಂಡುಕೊಳ್ಳಲು ಸುಮಾರು ಎರಡು ವರ್ಷ ಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಕಾರಣವನ್ನು ಪ್ರಕಟಿಸಿ, ಆರ್ಟೆಮಿಸ್-2ಕ್ಕೆ ಅದೇ ಕವಚವನ್ನು ಉಳಿಸಿಕೊಂಡು ಮರಳುವ ಪಥವನ್ನು ಬದಲಿಸುವುದಾಗಿ ಹೇಳಿದರು. ಈ ಎರಡು ವರ್ಷವನ್ನು ನಾನು ವ್ಯರ್ಥ ಎನ್ನಲಾರೆ. ವೈಸ್‌ಮನ್, ಗ್ಲೋವರ್, ಕಾಕ್, ಹ್ಯಾನ್ಸನ್ ಎಂಬ ನಾಲ್ವರು ಕೂರಬೇಕಾಗಿದ್ದ ನೌಕೆ ಅದು. ನನ್ನ ತಕರಾರು ಗುರಿಯನ್ನು ಮೂರು ಸಲ ಬದಲಿಸಿ ಕಳೆದ ವರ್ಷಗಳ ಮೇಲೆ.

ಚೀನಾ ತನ್ನ ವೆಚ್ಚವನ್ನು ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ಅದರ ಬಿಲ್ಲಿನ ಬಗ್ಗೆ ನನ್ನ ಬಳಿ ಮಾತಿಲ್ಲ. ವೇಗ ಮಾತ್ರ ಕಾಣುತ್ತದೆ. 2030ರೊಳಗೆ ಇಳಿಯುತ್ತೇವೆಂಬ ಗುರಿಯನ್ನು ಅವರು ಕದಲಿಸಿಲ್ಲ. ಎರಡು ಲಾಂಗ್ ಮಾರ್ಚ್-10 ರಾಕೆಟ್‌ಗಳಲ್ಲಿ ಮಂಗ್‌ಝೋ ನೌಕೆಯನ್ನೂ ಲಾನ್ಯುವೆ ಲ್ಯಾಂಡರನ್ನೂ ಬೇರೆಬೇರೆಯಾಗಿ ಕಳಿಸಿ ಚಂದ್ರನ ಕಕ್ಷೆಯಲ್ಲಿ ಜೋಡಿಸುವುದು ಅವರ ದಾರಿ. ಲ್ಯಾಂಡರ್ ಇಳಿಯುವ, ಮೇಲೇಳುವ ಪರೀಕ್ಷೆಯನ್ನು 2025ರ ಆಗಸ್ಟ್‌ನಲ್ಲಿ ಹೆಬೈ ಪ್ರಾಂತ್ಯದಲ್ಲಿ ನಡೆಸಿದ್ದಾರೆ.

ಇನ್ನು ನಮ್ಮದು. 2040ರೊಳಗೆ ಭಾರತೀಯರೊಬ್ಬರು ಚಂದ್ರನ ಮೇಲೆ ಎಂದು 2023ರ ಅಕ್ಟೋಬರ್‌ನಲ್ಲಿ ಪ್ರಧಾನಿ ಗುರಿ ಇಟ್ಟರು. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ 2,104 ಕೋಟಿ ಮಂಜೂರಾಗಿದೆ. ಯಾನ ಹೋಗಿ ಬರುವಂತಾದ ಕೂಡಲೇ 615 ಕೋಟಿ ಮೂರು ಪಟ್ಟಿಗೂ ಮೀರಿ ಬೆಳೆದದ್ದನ್ನು ಗಮನಿಸಬೇಕು. ಇದರಲ್ಲಿ ಮನುಷ್ಯರು ಇನ್ನೂ ಕೂತಿಲ್ಲ. ಗಗನಯಾನವಂತೂ ಭೂಮಿಯ ಕಕ್ಷೆಯವರೆಗಿನ ಮಾತು. 2018ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಹೇಳಿದ್ದು 2022ರೊಳಗೆ ಎಂದು. 2025ರಲ್ಲಿ ಹೇಳುತ್ತಿದ್ದುದು 2027. ಮೊದಲ ಅಂದಾಜು 9,023 ಕೋಟಿ. ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ 2024ರಲ್ಲಿ ಪರಿಷ್ಕರಿಸಿದ ಮೇಲೆ 20,193 ಕೋಟಿ. ಪರಿಷ್ಕರಣೆ ಎರಡು ಪಟ್ಟು ದಾಟಿದ್ದರೂ ಕೆಲಸವೂ ಹೆಚ್ಚಿದೆಯಾದ್ದರಿಂದ ನಾನು ಆಡಿಟ್ ಆಕ್ಷೇಪಣೆ ಬರೆಯುವುದಿಲ್ಲ. ಪ್ಯಾರಾಚೂಟುಗಳ ಸಮಗ್ರ ಪರೀಕ್ಷೆ 2025ರ ಆಗಸ್ಟ್ 24ರಂದು ಆಗಿದೆ. ಶುಭಾಂಶು ಶುಕ್ಲಾ ಅದೇ ವರ್ಷದ ಜೂನ್, ಜುಲೈಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದು ಅನುಭವ ತಂದಿದ್ದಾರೆ.

ವಾಕಿಂಗ್ ಗೆಳೆಯರು ಈಗ ಪ್ರಶ್ನೆ ಬದಲಿಸಿದ್ದಾರೆ: "ಹಾಗಾದ್ರೆ ನಮ್ದೂ ಹಂಗೇ ಏರ್ತಾ ಹೋಗುತ್ತಾ ಸ್ವಾಮಿ?" ಅದು 20,193 ಕೋಟಿ ಎಂಬ ಅಂಕಿಯಿಂದ ತಿಳಿಯುವುದಿಲ್ಲ ಎಂದಿದ್ದೇನೆ. ಆ ಮಂಜೂರಾತಿಯಲ್ಲಿ 2028ರ ಡಿಸೆಂಬರ್‌ನೊಳಗೆ ಒಟ್ಟು ಎಂಟು ಯಾನಗಳೆಂದು ಬರೆದಿದೆ. ಮೊದಲನೆಯದು ಯಾವಾಗ ಹಾರಿತು ಎಂಬುದಕ್ಕಿಂತ ಎರಡಕ್ಕೂ ಮೂರಕ್ಕೂ ನಡುವೆ, ಮೂರಕ್ಕೂ ನಾಲ್ಕಕ್ಕೂ ನಡುವೆ ಎಷ್ಟು ತಿಂಗಳು ಹೋಯಿತೆಂದು ನಾನು ಲೆಕ್ಕ ಇಡುತ್ತೇನೆ.